ಬಣ್ಣ ಮಾಸದ ಕೌದಿ

ಬಳ್ಳಾರಿಯಿಂದ ಕೂಡ್ಲಿಗಿಗೆ ಹೋಗುವ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಡಬೇಕಿತ್ತು. ಹೊರಟಾಗ ಎಂಟು ದಾಟಿತ್ತು. ಡ್ರೈವರ್ ಇಡ್ಲಿ ತಿನ್ನಲು ಹೋಗಿದ್ದ, ಅವನನ್ನು ಕರೆಯಲು ಹೋದ ಕಂಡಕ್ಟರನೂ ಅಲ್ಲೇ ಕೂತು ತಿನ್ನತೊಡಗಿದ್ದ. ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವಾಗಿತ್ತು, ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುವ ಅಭ್ಯಾಸವೂ ಅದರ ಜೊತೆಗೇ ಮುಗಿದುಹೋಗಿತ್ತು. ಮಾರ್ಚ್ ತಿಂಗಳ ಬಿಸಿಲು ಆಗಲೇ ಕಿಟಕಿಯಿಂದ ಒಳಗೆ ಬಂದು ಕೂತಿತ್ತು. ನನ್ನ ತೊಡೆಯ ಮೇಲೆ ಒಂದು ಮರದ ಪೆಟ್ಟಿಗೆ. ಅದರಲ್ಲಿ ಕರ್ತನ ಭೋಜನದ, ಎಂದರೆ ಯೇಸುವಿನ ನೆನಪಿಗೆ ರೊಟ್ಟಿಯ ಚೂರು, ದ್ರಾಕ್ಷಿರಸ ಹಂಚುವ ವಿಧಿಯ ಸಾಮಾನು: ಒಂದು ಬಟ್ಟಲು, ಒಂದು ತಟ್ಟೆ, ಬಿಳಿಯ ಬಟ್ಟೆ, ಮತ್ತೆ ನನ್ನ ಹೆಂಡತಿ ಒಣದ್ರಾಕ್ಷಿ ನೆನೆಸಿ, ಕಿವುಚಿ, ಸೋಸಿ ತುಂಬಿಕೊಟ್ಟ ರಸದ ಬಾಟಲಿ. ಐದು ದಿನದ ಬಿಸಿಲಿಗೆ ಅದು ಹುಳಿಯಾದೀತು, ಹೋದ ಹೋದ ಊರಲ್ಲಿ ಒಂದು ಕುದಿ ಬರಿಸಿ ಎಂದು ಆಕೆ ಎರಡು ಸಲ ಹೇಳಿ ಕಳಿಸಿದ್ದಳು.

ನಾನು ಪಾಸ್ಟರ್. ನಮ್ಮ ಕಡೆಯ ಕ್ರೈಸ್ತರ ಬಾಯಲ್ಲಿ ಅಯ್ಯನವರು. ಜಿಲ್ಲೆಯ ಪಡುವಣ ತಾಲೂಕುಗಳಲ್ಲಿ ನಮ್ಮವರ ಮನೆಗಳು ಊರಿಗೆ ನಾಲ್ಕೋ ಐದೋ ಮಾತ್ರ. ಅಲ್ಲೆಲ್ಲ ಗುಡಿಯಿಲ್ಲ, ಯಾರದಾದರೂ ಪಡಸಾಲೆಯೇ ಗುಡಿ. ಮೂರು ತಿಂಗಳಿಗೊಮ್ಮೆ ಒಬ್ಬ ಪಾಸ್ಟರ್ ಈ ಪೆಟ್ಟಿಗೆ ಹಿಡಿದು ಸುತ್ತು ಹಾಕಿ ಭೋಜನ ಕೊಟ್ಟು ಬರುವುದು ವಾಡಿಕೆ. ಈಗ ಆ ಸುತ್ತಿನ ಪಾಸ್ಟರಿಗೆ ಕಾಮಾಲೆಯಾಗಿತ್ತು. ಎಂಟು ವರ್ಷಗಳ ಹಿಂದೆ ಅದೇ ಸುತ್ತಿನಲ್ಲಿದ್ದು ಬಳ್ಳಾರಿಗೆ ವರ್ಗವಾಗಿ ಬಂದವನು ನಾನಾದ್ದರಿಂದ, ಈ ಸಲ ನೀವೇ ಹೋಗಿಬನ್ನಿ ಎಂದು ಕಮಿಟಿಯವರು ಹೇಳಿದರು.

ನಾನು ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಮೂರು ವರ್ಷಗಳಿಂದ ನನಗೆ ದೇವರು ಸಿಗುತ್ತಿರಲಿಲ್ಲ. ಮಾತೇನೂ ನಿಂತಿರಲಿಲ್ಲ, ಮಾತಿಗೆ ನನ್ನಲ್ಲಿ ಎಂದೂ ಬರಗಾಲ ಬಂದಿಲ್ಲ. ಭಾನುವಾರ ನಾನು ಪ್ರಾರ್ಥಿಸಿದರೆ ಹಿಂದಿನ ಬೆಂಚಿನವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ಬಾಗಿಲು ಮುಚ್ಚಿ ಒಬ್ಬನೇ ಕೂತಾಗ ಎದುರಿಗೆ ಯಾರೂ ಇರುತ್ತಿರಲಿಲ್ಲ. ಬೇಸಿಗೆಯ ಬಾವಿಗೆ ಬಿಟ್ಟ ಕೊಡ ತಳದ ಕಲ್ಲಿಗೆ ಬಡಿದ ಹಾಗೆ ನನ್ನ ಮಾತು ನನಗೇ ಕೇಳುತ್ತಿತ್ತು. ಆ ಸುತ್ತಿನಲ್ಲಿ ಸೈಕಲ್ ತುಳಿಯುತ್ತಿದ್ದ ದಿನಗಳಲ್ಲಿ ಹೀಗಿರಲಿಲ್ಲ. ಆಗ ಜಾಲಿ ಮರದ ಕೆಳಗೆ ಪಂಕ್ಚರ್ ಹಾಕುತ್ತ ಕೂತಾಗಲೂ ಆತ ಪಕ್ಕದಲ್ಲೇ ಇದ್ದಾನೆ ಎನ್ನಿಸುತ್ತಿತ್ತು. ಅದೇ ದಾರಿಯಲ್ಲಿ ಇನ್ನೊಮ್ಮೆ ಹೋದರೆ ಮತ್ತೆ ಹಾಗಾದೀತು ಎಂಬ ಆಸೆಯಿಂದ ಹೊರಟಿದ್ದೆ. ಐವತ್ತೆರಡನೆಯ ವಯಸ್ಸಿನಲ್ಲಿ ಅಂಥ ಆಸೆ.

ಎಂಬತ್ತು ಕಿಲೋಮೀಟರ್ ಚಿಲ್ಲರೆಯ ದಾರಿಗೆ ನಾಲ್ಕೂ ಮುಕ್ಕಾಲು ರೂಪಾಯಿ ಟಿಕೇಟು. ಪಕ್ಕದಲ್ಲಿ ಕೂತ ಮುದುಕರೊಬ್ಬರು ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದರು. ದೇವರ ಸಾಮಾನು ಎಂದೆ. ಅವರು ಕಾಲು ಮುದುರಿಕೊಂಡು ಸ್ವಲ್ಪ ಆಚೆ ಸರಿದು ಕೂತರು, ಕೂಡ್ಲಿಗಿ ಬರುವವರೆಗೂ ಪೆಟ್ಟಿಗೆಗೆ ಕಾಲು ತಾಗದಂತೆ ಎಚ್ಚರವಾಗಿದ್ದರು. ಅದನ್ನು ಹೊತ್ತು ತಿರುಗುವ ನಾನು ಅಷ್ಟು ಎಚ್ಚರವಾಗಿರಲಿಲ್ಲ.

ಕೂಡ್ಲಿಗಿಯಲ್ಲಿ ಸತ್ಯಪ್ರಿಯ ಮೇಷ್ಟ್ರ ಮನೆ. ಎಂಟು ವರ್ಷದಲ್ಲಿ ಅವರ ತಲೆ ಬೆಳ್ಳಗಾಗಿತ್ತು, ಮನೆಗೆ ಹೊಸ ಬಾಗಿಲು ಬಂದಿತ್ತು. ಸಂಜೆ ಅವರ ಹೆಂಡತಿ ಮಂಡಕ್ಕಿ ಒಗ್ಗರಣೆಯ ಜೊತೆ ಮೆಣಸಿನಕಾಯಿ ಬಜ್ಜಿ ಕರಿದುಕೊಟ್ಟರು. ಗೋಡೆಯ ಗಡಿಯಾರ ಆರು ಹೊಡೆದಾಗ ನಾನು ಮೂರನೆಯ ಬಜ್ಜಿಗೆ ಕೈ ಹಾಕಿದ್ದೆ. ಇಷ್ಟು ಸಣ್ಣ ಸಂಗತಿ ಯಾಕೆ ನೆನಪಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಏಳಕ್ಕೆ ನಾಲ್ಕು ಮನೆಯ ಜನ ಸೇರಿದರು. ಭೋಜನವಾದ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಕಷ್ಟ ಹೇಳಿ, ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ ಎಂದರು. ನಾನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ತಮ್ಮನ ವರ್ಗಾವಣೆ, ಮಗಳಿಗೆ ಗಂಡು, ಅತ್ತೆಯ ಹೊಟ್ಟೆನೋವು. ಪ್ರತಿಯೊಬ್ಬರಿಗೂ ಪ್ರಾರ್ಥನೆ ಮಾಡುತ್ತೇನೆ ಎಂದೆ. ಪಾಸ್ಟರ್ ಕೆಲಸದಲ್ಲಿ ಆ ಮಾತು ನಮಸ್ಕಾರದಷ್ಟೇ ಸಲೀಸಾಗಿ ಬಾಯಿಗೆ ಬರುತ್ತದೆ. ಬರೆದುಕೊಂಡರೆ ಅರ್ಧ ಪ್ರಾರ್ಥಿಸಿದ ಹಾಗೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದು ಎಷ್ಟೋ ವರ್ಷಗಳಾಗಿದ್ದವು. ಅಂಥ ನೋಟ್‌ಬುಕ್ಕುಗಳು ಮನೆಯ ಟ್ರಂಕಿನಲ್ಲಿ ಒಂದು ಕಟ್ಟು ಇದ್ದವು.

ಮೇಷ್ಟ್ರು ಬೀಳ್ಕೊಡುವಾಗ ಅಂದರು: “ನಾವು ಇಲ್ಲಿ ದೂರದಾಗ ಅದೀವಿ, ಅಯ್ನೋರ. ನೀವು ದೇವರ ಮಗ್ಗಲಾಗ ಇರೋರು. ನಮ್ದೊಂದು ಮಾತು ಅಲ್ಲಿ ಹಾಕ್ರಿ.”

ಆಗಲಿ ಎಂದೆ. ಬೇರೇನು ಹೇಳುವುದು?

ಮರುದಿನ ಕೊಟ್ಟೂರು, ಬಸ್ಸಿನಲ್ಲಿ ಒಂದು ತಾಸಿನ ದಾರಿ. ರೈಲ್ವೆ ಕ್ವಾರ್ಟರ್ಸಿನಲ್ಲಿ ಪಾಯಿಂಟ್ಸ್‌ಮನ್ ದೇವಪ್ರಸಾದನ ಮನೆಯಲ್ಲಿ ಇಳಿದುಕೊಂಡೆ. ಮಧ್ಯಾಹ್ನ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಸಂಜೆ ಅವನ ಜೊತೆ ಸ್ಟೇಷನ್ನಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಖಾಲಿ ಹಳಿಗಳನ್ನು ನೋಡುತ್ತ ಹರಟೆ ಹೊಡೆದೆ. ಅದೂ ಆರರ ಹೊತ್ತೇ.

ಅದರ ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುವಾಗ ಕ್ವಾರ್ಟರ್ಸಿನ ಬೇಲಿಯಾಚೆಯ ಮನೆಯ ಪಡಸಾಲೆ ಕಾಣಿಸಿತು. ಬಟ್ಟೆ ಅಂಗಡಿಯ ಕೊಟ್ರಬಸಪ್ಪನವರು ಪೂಜೆಗೆ ಕೂತಿದ್ದರು. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಬೀದಿಯಲ್ಲಿ ಸೌದೆ ಗಾಡಿ ಹೋಯಿತು, ಒಳಗೆ ಯಾರೋ ಕೊಡ ಬೀಳಿಸಿದರು, ಅವರ ಕಣ್ಣು ಅಲ್ಲಾಡಲಿಲ್ಲ. ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡು ನಾನು ನೋಡುತ್ತ ನಿಂತೆ. ದೇವರನ್ನು ಅಂಗೈಯಲ್ಲೇ ಹಿಡಿದು ಕೂತವರನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಒಬ್ಬ ಪಾಸ್ಟರ್ ಬರೆಯಬಾರದು, ಆದರೆ ಆದದ್ದು ಅದೇ.

ಆಮೇಲೆ ಚಹಾ ಕುಡಿಯುವಾಗ ಅವರನ್ನೇ ಕೇಳಿದೆ, ಅಷ್ಟು ಹೊತ್ತು ಮನಸ್ಸು ಅಲ್ಲೇ ನಿಲ್ಲುತ್ತದೆಯೇ ಎಂದು. ಅವರು ನಕ್ಕುಬಿಟ್ಟರು. “ಎಲ್ಲಿ ನಿಲ್ಲತೈತ್ರಿ? ಅರ್ಧ ಹೊತ್ತು ಅಂಗಡಿ ಬಾಕಿನ ಎಣಸತೈತಿ. ಆದ್ರ ಕೈ ಮಾತ್ರ ಇಳಿಸಂಗಿಲ್ರಿ, ನಮ್ಮಪ್ಪ ಹಂಗ ಹೇಳಿಕೊಟ್ಟಾರ.” ಕೈ ನೋಯುವುದಿಲ್ಲವೇ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ರೈಲಿನ ಹೊತ್ತಾಯಿತು.

ಕೊಟ್ಟೂರಿನಿಂದ ಹೊಸಪೇಟೆಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೊರಟೆ. ರೈಲು ಎಷ್ಟು ನಿಧಾನವೆಂದರೆ, ಬಯಲಲ್ಲಿ ಒಬ್ಬ ಇಳಿದು ಹೊಲದವನ ಹತ್ತಿರ ಬೀಡಿ ಹಚ್ಚಿಸಿಕೊಂಡು ಓಡಿಬಂದು ಹತ್ತಿದ. ಬೋಗಿಯ ತುಂಬ ಹುಣಸೆಹಣ್ಣಿನ ಮೂಟೆಗಳು; ಹೆಂಗಸರು ಅವುಗಳ ಮೇಲೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಇದೇ ಹಳಿಯ ಪಕ್ಕದ ಕಾಲುದಾರಿಯಲ್ಲಿ ನಾನು ಹಾಡಿಕೊಂಡು ಸೈಕಲ್ ಹೊಡೆದಿದ್ದೆ. ದಾರಿ ಹಾಗೆಯೇ ಇತ್ತು, ಜಾಲಿಗಳು ಹಾಗೆಯೇ ಇದ್ದವು. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕಣ್ಣಿಗೆ ಕಲ್ಲಿದ್ದಲ ಪುಡಿ ಬಿತ್ತು, ಅಷ್ಟೆ.

ಹಗರಿಬೊಮ್ಮನಹಳ್ಳಿಯಲ್ಲಿ ಕಾಂಪೌಂಡರ್ ಜೀವರತ್ನ ಸ್ಟೇಷನ್ನಿಗೆ ಬಂದು ಪೆಟ್ಟಿಗೆ ಇಸಕೊಂಡ. ಹಿಂದಿನ ವರ್ಷ ಅವನ ಹೆಂಡತಿಯನ್ನು ಹೆರಿಗೆಗೆ ಹಡಗಲಿಯ ಆಸ್ಪತ್ರೆಯಲ್ಲಿ ಇಟ್ಟಿದ್ದರಂತೆ. ಊಟಕ್ಕೆ ಕೂತಾಗ ಆ ಮಾತು ಬಂತು. ಅಲ್ಲಿನ ಆಯಾ ಎಸ್ತೇರಮ್ಮ ನೆನಪಿದ್ದಾಳೆಯೇ ಎಂದು ಕೇಳಿದ. ನೆನಪಿದೆ ಎಂದೆ, ಕಪ್ಪಗೆ, ಎತ್ತರವಾಗಿ, ಮಾತು ಕಡಿಮೆಯ ಹೆಂಗಸು.

“ಅಕಿ ನಿಮ್ಮ ಸುದ್ದಿ ಹೇಳಿ ಹೇಳಿ ನಮಗೆಲ್ಲಾ ನಾಚಿಕಿ ಬರಂಗ ಮಾಡಿದಳ್ರಿ, ಅಯ್ನೋರ,” ಅಂದ ಜೀವರತ್ನ. “ದಿನಾ ಸಂಜಿ ಆರಕ್ಕ ಅಕಿ ಹಡಗಲ್ಯಾಗ, ನೀವು ಬಳ್ಳಾರ್‍ಯಾಗ, ಕೂಡೇ ಮೊಣಕಾಲು ಊರತೀರಂತ. ಎಂಟು ವರ್ಷಾತಂತ. ಒಂದಿನಾನೂ ಬಿಟ್ಟಿಲ್ಲಂತ. ನಮ್ಮ ಕೈಲೆ ಎಂಟು ದಿನಾನೂ ಆಗಂಗಿಲ್ಲ ನೋಡ್ರಿ.”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವನು ನನ್ನನ್ನು ಭಕ್ತಿಯಿಂದ ನೋಡುತ್ತಿದ್ದ. ಇಲ್ಲಪ್ಪಾ, ನಾನು ಹಾಗೆ ಮಾಡಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ನಾನು ಸಣ್ಣಗೆ ನಕ್ಕು ಸಾರು ಕೇಳಿದೆ. ಆ ನಗು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಮರುದಿನ ತಂಬ್ರಹಳ್ಳಿ ಮೇಲೆ ಹಡಗಲಿಗೆ ಹೋಗುವ ಬಸ್ಸಿನಲ್ಲಿ ನಿಂತೇ ಇದ್ದೆ. ಸೀಟು ಸಿಕ್ಕಿದ್ದರೂ ಕೂರಲು ಆಗುತ್ತಿರಲಿಲ್ಲ. ಎಲ್ಲ ಒಂದೊಂದಾಗಿ ನೆನಪಿಗೆ ಬಂತು. ಎಂಟು ವರ್ಷದ ಹಿಂದೆ, ವರ್ಗವಾಗಿ ಹೊರಟ ನನ್ನನ್ನು ಕಳಿಸಲು ಎಸ್ತೇರಮ್ಮ ಹಡಗಲಿ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಅವಳ ಒಬ್ಬಳೇ ಮಗಳು ಸರೋಜ ಹುಬ್ಬಳ್ಳಿಗೆ ಕೆಲಸಕ್ಕೆಂದು ಹೋದವಳು ಸುದ್ದಿಯಿಲ್ಲದೆ ಒಂದು ವರ್ಷವಾಗಿತ್ತು. ಹುಡುಕಿ ಹುಡುಕಿ ಸೋತಿದ್ದರು. ಎಸ್ತೇರಮ್ಮ ಕಿಟಕಿಯ ಸರಳು ಹಿಡಿದುಕೊಂಡು, ತನಗೆ ದೇವರ ಮುಂದೆ ಮಾತು ಬರುವುದಿಲ್ಲ, ಮಗಳ ಹೆಸರು ತೆಗೆದರೆ ಗಂಟಲು ಕಟ್ಟುತ್ತದೆ, ನೀವೂ ಹೋದರೆ ತನ್ನ ಪರವಾಗಿ ಕೇಳುವವರು ಯಾರು ಎಂದಿದ್ದಳು. ಡ್ರೈವರ್ ಗಾಡಿ ಚಾಲೂ ಮಾಡಿದ್ದ. ನಾನು ಅವಸರದಲ್ಲಿ ಅಂದಿದ್ದೆ: ದಿನಾ ಸಂಜೆ ಆರಕ್ಕೆ ನೀವು ಇಲ್ಲಿ ಮೊಣಕಾಲೂರಿರಿ, ನಾನೆಲ್ಲಿದ್ದರೂ ಅದೇ ಹೊತ್ತಿಗೆ ಊರುತ್ತೇನೆ, ನಿಮ್ಮ ಪಾಲಿನ ಮಾತನ್ನೂ ನಾನೇ ಆಡುತ್ತೇನೆ, ನೀವು ಸುಮ್ಮನೆ ಕೂತರೆ ಸಾಕು.

ಮನಸ್ಸಿನಿಂದಲೇ ಹೇಳಿದ್ದೆ. ಹನ್ನೊಂದು ದಿನ ಮಾಡಿದೆ ಕೂಡ. ಹನ್ನೆರಡನೆಯ ದಿನ ಬಳ್ಳಾರಿಯಲ್ಲಿ ಕಮಿಟಿ ಮೀಟಿಂಗು ಆರು ದಾಟಿ ನಡೆಯಿತು. ಅದರ ಮರುದಿನ ಏನಿತ್ತೋ ನೆನಪಿಲ್ಲ. ಬಿಟ್ಟೆ ಎಂದು ತೀರ್ಮಾನ ಮಾಡಿ ಬಿಟ್ಟದ್ದಲ್ಲ, ನೆನಪೇ ಆರಿಹೋಯಿತು.

ಬಸ್ಸಿನ ಕಂಬಿ ಹಿಡಿದು ಎಂಟು ವರ್ಷದ ಸಂಜೆಗಳನ್ನು ಲೆಕ್ಕ ಹಾಕಲು ಹೋದೆ, ಆಗಲಿಲ್ಲ. ಮೂರು ದಿನದ ಹಿಂದಿನ ಬಜ್ಜಿಯೇ ಕಣ್ಣ ಮುಂದೆ ಬಂತು. ನಾನು ಮೂರನೆಯ ಬಜ್ಜಿ ಎತ್ತಿಕೊಳ್ಳುವಾಗ ಅವಳು ಮೊಣಕಾಲ ಮೇಲಿದ್ದಳು. ಕೊಟ್ಟೂರ ಸ್ಟೇಷನ್ನಿನಲ್ಲಿ ನಾನು ಕಲ್ಲುಬೆಂಚಿನ ಮೇಲೆ ಹರಟುವಾಗಲೂ ಮೊಣಕಾಲ ಮೇಲಿದ್ದಳು. ಹೇಳಲೋ ಬೇಡವೋ ಎಂಬುದೊಂದೇ ಪ್ರಶ್ನೆ. ಹೇಳದಿದ್ದರೆ ಅವಳಿಗೆ ನಷ್ಟವಿಲ್ಲ, ಇಂದಿನಿಂದ ನಿಜವಾಗಿ ಊರಿದರೆ ಆಯಿತು ಎಂದು ಒಂದು ಮನಸ್ಸು ಬುದ್ಧಿ ಹೇಳಿತು. ಆ ಬುದ್ಧಿ ನಾನು ಭಾನುವಾರ ಗುಡಿಯಲ್ಲಿ ಮಾಡುವ ಪ್ರಸಂಗದ ದನಿಯಲ್ಲಿತ್ತು. ಅದಕ್ಕೇ ನಂಬಿಕೆ ಬರಲಿಲ್ಲ.

ಹಡಗಲಿಯಲ್ಲಿ ಇಳಿದಾಗ ಮಲ್ಲಿಗೆಯ ಬುಟ್ಟಿಗಳು ಬಸ್ಸಿನ ತಲೆಯ ಮೇಲೆ ಏರುತ್ತಿದ್ದವು. ನರ್ಸ್ ಸುಗುಣಮ್ಮನ ಕ್ವಾರ್ಟರ್ಸಿನಲ್ಲಿ ಏಳು ಗಂಟೆಗೆ ಭೋಜನದ ಕೂಟ ನಿಗದಿಯಾಗಿತ್ತು. ನಾಲ್ಕಕ್ಕೆ ಎಸ್ತೇರಮ್ಮ ಅಲ್ಲಿಗೆ ಬಂದಳು. ಕೂದಲು ಅರ್ಧ ಬಿಳಿಯಾಗಿತ್ತು, ಉಳಿದಂತೆ ಅದೇ ನಿಲುವು. ನನ್ನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತೇಬಿಟ್ಟಳು. ಆಮೇಲೆ, ಇವತ್ತು ಆರಕ್ಕೆ ಇಬ್ಬರೂ ಒಂದೇ ಕಡೆ ಕೂಡೋಣ, ಡ್ಯೂಟಿ ಇದೆ, ಆಸ್ಪತ್ರೆಗೇ ಬನ್ನಿ ಎಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ಹಿಂದೆ ಕಂಡಿರಲಿಲ್ಲ. ಆಗಲೂ ಹೇಳಲಿಲ್ಲ, ಬರುತ್ತೇನೆ ಎಂದೆ.

ಆಸ್ಪತ್ರೆಯ ಜಗಲಿಯಲ್ಲಿ ಒಂದು ರೈಲುಕಂಬಿಯ ತುಂಡು ನೇತುಹಾಕಿದ್ದರು. ನೋಡಲು ಬಂದವರು ಹೊರಡಲಿ ಎಂದು ಸಂಜೆ ಆರಕ್ಕೆ ಅದನ್ನು ಬಾರಿಸುವುದು ಎಸ್ತೇರಮ್ಮನ ಕೆಲಸ. ಬಾರಿಸಿ, ಸುತ್ತಿಗೆಯನ್ನು ಮೊಳೆಗೆ ತೂಗುಹಾಕಿ, ನನ್ನನ್ನು ಹಾಸಿಗೆಬಟ್ಟೆ ಇಡುವ ಕೋಣೆಗೆ ಕರೆದುಕೊಂಡು ಹೋದಳು. ಒಳಗೆ ಫಿನಾಯಿಲ್ ವಾಸನೆ, ಗೋಡೆಯುದ್ದಕ್ಕೂ ಮಡಚಿಟ್ಟ ಚಾದರಗಳು. ಮೂಲೆಯ ಗೂಡಿನಿಂದ ಅವಳು ಎರಡು ಸಣ್ಣ ಕೌದಿಗಳನ್ನು ತೆಗೆದಳು. ಹಳೆಯ ಸೀರೆಯ ತುಂಡು ಕೂಡಿಸಿ ತಾನೇ ಹೊಲಿದವು, ಎರಡಕ್ಕೂ ಒಂದೇ ಕೆಂಪು ಅಂಚು. ಮೊದಲನೆಯದನ್ನು ತನ್ನ ಮುಂದೆ ಹಾಸಿದಳು. ಎರಡು ಮೊಣಕಾಲು ಊರುವ ಕಡೆ ಅದು ಸವೆದು, ತೇಪೆ ಹಾಕಿ, ತೇಪೆಯೂ ಸವೆದಿತ್ತು. ಎರಡನೆಯದನ್ನು ಅದರ ಪಕ್ಕಕ್ಕೆ ಹಾಸಿ ಅಂಗೈಯಿಂದ ಸವರಿದಳು. ಅದರ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

“ಇದು ನಿಮ್ದ್ರಿ, ಅಯ್ನೋರ. ದಿನಾ ಹಾಸ್ತೀನಿ, ಆಮ್ಯಾಲ ಮಡಚಿ ಇಡ್ತೀನಿ.”

ನಾನು ಅದರ ಮೇಲೆ ಮೊಣಕಾಲೂರಿದೆ. ಅವಳೂ ಊರಿದಳು. ಕಣ್ಣು ಮುಚ್ಚುವ ಮೊದಲು ನನ್ನ ಕಡೆ ತಿರುಗಿ, ಇಷ್ಟು ವರ್ಷ ನೀವು ಅಲ್ಲಿ ಆಡುವ ಮಾತು ತನಗೆ ಕೇಳಿಸುತ್ತಿರಲಿಲ್ಲ, ಇವತ್ತು ಕೇಳಿಸುತ್ತದೆ ಎಂದಳು.

“ಪರಲೋಕದ ತಂದೆಯೇ” ಎಂದೆ. ಮಾತಿಗೆ ಬರಗಾಲವಿಲ್ಲದವನಿಗೆ ಅಂದು ಮಾತು ಸತ್ತಿತು. ಅವಳು ಕಾದಳು. ನಾನು ಕಣ್ಣು ತೆರೆದು, ಗೋಡೆಯ ಕಡೆ ನೋಡುತ್ತ, ಇದ್ದದ್ದನ್ನೆಲ್ಲ ಹೇಳಿದೆ. ಹನ್ನೊಂದು ದಿನ ಎಂದೆ. ಆಮೇಲೆ ಒಂದು ದಿನವೂ ಇಲ್ಲ ಎಂದೆ. ಮೂರು ವರ್ಷದಿಂದ ನನಗೇ ದೇವರು ಸಿಗುತ್ತಿಲ್ಲ ಎಂಬುದನ್ನೂ, ಯಾರಿಗೂ ಹೇಳದ್ದನ್ನು, ಅವಳಿಗೆ ಹೇಳಿದೆ.

ಹೊರಗೆ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು, ಅದು ತುಂಬಿ ಹೊರಗೆ ಹರಿಯತೊಡಗಿತು.

“ಹಂಗಾರ,” ಅಂದಳು, “ನನ್ನ ಮಗಳ ಹೆಸರು ಎಂಟು ವರ್ಷ ಅಲ್ಲಿ ಯಾರೂ ಹೇಳ್ಲೇ ಇಲ್ಲೇನ್ರಿ?”

ಇದಕ್ಕೆ ಉತ್ತರ ನನ್ನ ಹತ್ತಿರ ಸಿದ್ಧವಾಗಿತ್ತು. ಹೇಳದಿದ್ದರೂ ದೇವರಿಗೆ ಗೊತ್ತಿರುತ್ತದೆ, ನಿಮ್ಮ ಮೌನವೇ ಪ್ರಾರ್ಥನೆ. ಎಷ್ಟೋ ಸಾವಿನ ಮನೆಗಳಲ್ಲಿ ಹೇಳಿದ ಮಾತು, ಸುಳ್ಳೂ ಅಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವ ಹಕ್ಕು ನನಗಿರಲಿಲ್ಲ. ಅವಳು ನನ್ನ ಕಡೆ ಬೆನ್ನು ಮಾಡಿ ಗೋಡೆಗೆ ತಿರುಗಿ ಮತ್ತೆ ಮೊಣಕಾಲೂರಿದಳು. ಎರಡು ಸಲ ಬಾಯಿ ತೆರೆದಳು, ದನಿ ಬರಲಿಲ್ಲ. ಮೂರನೆಯ ಸಲ “ಸರೋಜ” ಎಂದಳು. ಅಷ್ಟೇ. ಅದರ ಹಿಂದೆ ಮುಂದೆ ಏನೂ ಇರಲಿಲ್ಲ, ಆಮೆನ್ ಕೂಡ. ಪಾಸ್ಟರ್ ಕೆಲಸದ ಇಪ್ಪತ್ತೈದು ವರ್ಷದಲ್ಲಿ ನಾನು ಕೇಳಿದ ಪ್ರಾರ್ಥನೆಗಳಲ್ಲಿ ಅಷ್ಟು ಚಿಕ್ಕದು ಇನ್ನೊಂದಿಲ್ಲ.

ಏಳಕ್ಕೆ ಸುಗುಣಮ್ಮನ ಮನೆಯಲ್ಲಿ ಹನ್ನೊಂದು ಜನ. ಎಸ್ತೇರಮ್ಮ ಬಾಗಿಲ ಬಳಿ ಕೂತಳು. ನಮ್ಮಲ್ಲಿ ಒಂದು ರೂಢಿಯಿದೆ. ಇಬ್ಬರ ನಡುವೆ ಮನಸ್ಸು ಮುರಿದಿದ್ದರೆ, ಅದು ಸರಿಹೋಗುವವರೆಗೆ ಅವರು ಭೋಜನಕ್ಕೆ ಕೈ ನೀಡುವುದಿಲ್ಲ, ಕೂತಲ್ಲೇ ಕೂತಿರುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ. ಹತ್ತು ಜನ ಮುಂದೆ ಬಂದರು. ಎಸ್ತೇರಮ್ಮ ಏಳಲಿಲ್ಲ. ಸುಗುಣಮ್ಮ ಒಮ್ಮೆ ತಿರುಗಿ ನೋಡಿ, ಮತ್ತೆ ಮುಂದೆ ನೋಡಿದಳು. ಮಾತು ತಪ್ಪಿದವನು ನಾನು. ಆ ರೂಢಿಯ ಪ್ರಕಾರ ದೂರ ಕೂರಬೇಕಾಗಿದ್ದವನೂ ನಾನೇ. ಆದರೆ ಬಟ್ಟಲು ನನ್ನ ಕೈಯಲ್ಲಿತ್ತು, ನಾನೇ ಕೊಡುತ್ತಿದ್ದೆ. ಆ ಊರಲ್ಲಿ ರಸ ಕುದಿಸಲು ಮರೆತಿದ್ದೆ, ಹುಳಿಯಾಗಿತ್ತು. ಹತ್ತು ಜನವೂ ಅದನ್ನೇ ಕುಡಿದರು.

ಶುಕ್ರವಾರ ಬೆಳಿಗ್ಗೆ ಹರಪನಹಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ಎಸ್ತೇರಮ್ಮ ಬಂದಳು. ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಕಣ್ಣು ಊದಿದ್ದವು. ಕಂಕುಳಲ್ಲಿ ಆ ಎರಡನೆಯ ಕೌದಿಯಿತ್ತು, ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ್ದಳು. ಅದನ್ನು ನನ್ನ ಪೆಟ್ಟಿಗೆಯ ಮೇಲೆ ಇಟ್ಟಳು.

“ನಿಮ್ದು ನೀವ ಒಯ್ರಿ. ಇನ್ನ ಅದನ್ನ ಹಾಸೋದು ನನ್ನ ಕೈಲೆ ಆಗಂಗಿಲ್ಲ.”

ನಾನು, ಎಸ್ತೇರಮ್ಮ, ಇವತ್ತಿನಿಂದ ಆರಕ್ಕೆ ಎಂದು ಶುರುಮಾಡಿದೆ. ಅವಳು ಕೈಯೆತ್ತಿ ತಡೆದಳು.

“ಮಾತು ಕೊಡಬ್ಯಾಡ್ರಿ, ಅಯ್ನೋರ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಬಸ್ಸು ಬಂದ ಮೇಲೆ ಪೆಟ್ಟಿಗೆ ಎತ್ತಿಕೊಟ್ಟಳು. ಬಿಸಿಲು ಬಹಳ ಇದೆ, ದಾರಿಯಲ್ಲಿ ನೀರು ಕುಡಿಯಿರಿ ಎಂದಳು. ಬಸ್ಸು ಹೊರಡುವಾಗ ತಿರುಗಿ ನೋಡಿದೆ. ಅವಳು ಆಗಲೇ ಆಸ್ಪತ್ರೆಯ ಕಡೆಗೆ ನಡೆಯತೊಡಗಿದ್ದಳು. ಡ್ಯೂಟಿಗೆ ಹೊತ್ತಾಗಿತ್ತೇನೋ.

ಹರಪನಹಳ್ಳಿಯವರೆಗಿನ ಎರಡು ತಾಸು ನ್ಯೂಸ್ ಪೇಪರಿನ ಆ ಗಂಟು ತೊಡೆಯ ಮೇಲಿತ್ತು. ಹೊಲಗಳು ಖಾಲಿಯಾಗಿದ್ದವು, ಗಾಳಿಗೆ ಕೆಮ್ಮಣ್ಣು ಏಳುತ್ತಿತ್ತು. ದೇವರು ನನ್ನ ಹತ್ತಿರ ಬರಲಿ ಎಂದು ನಾನು ಮೂರು ವರ್ಷ ಹಲುಬಿದ್ದೆ. ಅದೇ ಮೂರು ವರ್ಷ, ಅದಕ್ಕೆ ಮುಂಚಿನ ಐದು ವರ್ಷವೂ, ಒಬ್ಬಳು ಹೆಂಗಸು ಪ್ರತಿ ಸಂಜೆ ಅವನ ಮುಂದೆ ನನಗೊಂದು ಜಾಗ ಹಾಸಿ ಕಾದಿದ್ದಳು. ನಾನು ಹೋಗಿರಲಿಲ್ಲ. ಜಾಗ ಖಾಲಿ ಬಿಟ್ಟವನು ನಾನು, ಮನೆಯಲ್ಲಿ ಯಾರೂ ಇಲ್ಲ ಎಂದು ದೂರಿದವನೂ ನಾನು. ಬಸ್ಸಿನಲ್ಲಿ ಅತ್ತೆ. ಎದುರಿನ ಸೀಟಿನ ಹೆಂಗಸು, ಯಾರು ತೀರಿಕೊಂಡರು ಎಂದು ಮೆಲ್ಲಗೆ ಕೇಳಿದಳು. ಯಾರೂ ಇಲ್ಲವೆಂದು ತಲೆಯಾಡಿಸಿದೆ.

ಹರಪನಹಳ್ಳಿ ಈ ಕಡೆಯ ದೊಡ್ಡ ಊರು, ನಮ್ಮವರ ಮನೆಗಳೂ ಹತ್ತಿವೆ. ನಿವೃತ್ತ ಹೆಡ್‌ಮಾಸ್ತರ ಮನೆಯಲ್ಲಿ ಉಳಿದೆ. ಐದೂ ಮುಕ್ಕಾಲಿಗೆ ಅವರಲ್ಲಿ ಒಂದು ಕೋಣೆ ಕೇಳಿ ಬಾಗಿಲು ಹಾಕಿಕೊಂಡೆ. ದಾರ ಬಿಚ್ಚಿ ಕೌದಿ ಹಾಸಿದೆ. ಮಡಿಕೆಗಳಲ್ಲಿ ಫಿನಾಯಿಲ್ ವಾಸನೆ ಉಳಿದಿತ್ತು. ಕೈಗಡಿಯಾರ ನೋಡಿಕೊಂಡು ಕೂತೆ. ಆರಾಯಿತು. ಹಡಗಲಿಯಲ್ಲಿ ಕಂಬಿ ಬಾರಿಸಿರುತ್ತಾಳೆ, ಸುತ್ತಿಗೆಯನ್ನು ಮೊಳೆಗೆ ಹಾಕಿರುತ್ತಾಳೆ. ಆಮೇಲೆ ಆ ಕೋಣೆಗೆ ಹೋಗುತ್ತಾಳೆಯೇ? ಗೊತ್ತಾಗಲಿಲ್ಲ. ಮೊಣಕಾಲೂರಿದೆ. ಎದುರಿಗೆ ಎಂದಿನಂತೆ ಯಾರೂ ಇರಲಿಲ್ಲ. ಆದರೂ ಕೊಟ್ಟೂರಿನ ಕೊಟ್ರಬಸಪ್ಪನವರ ಇಳಿಸದ ಕೈ ನೆನಪಾಗಿ, ಎದ್ದು ಹೋಗಲಿಲ್ಲ. ಸರೋಜ ಎಂದೆ. ಬೇರೆ ಯಾವ ಮಾತನ್ನೂ ಸೇರಿಸಲಿಲ್ಲ.

“ಅಯ್ಯನೋರೆ, ಕಾಫಿ ಆರ್ತೈತೆ,” ಎಂದು ಹೊರಗಿನಿಂದ ಹೆಡ್‌ಮಾಸ್ತರ ಹೆಂಡತಿ ಕರೆದರು. ಐದು ನಿಮಿಷ ಎಂದೆ. ಆ ಕಾಫಿ ಪೂರ್ತಿ ಆರಿತು.

ಶನಿವಾರ ಕೊಟ್ಟೂರು, ಕೂಡ್ಲಿಗಿಗಳ ಮೇಲೇ ಬಳ್ಳಾರಿಗೆ ವಾಪಸು. ಹೋಗುವಾಗ ಐದು ದಿನ ಹಿಡಿದ ಸುತ್ತು ಬರುವಾಗ ಒಂದು ಹಗಲಿನಲ್ಲಿ ಮುಗಿಯಿತು. ಹೆಂಡತಿ ಪೆಟ್ಟಿಗೆ ತೆರೆದು ಬಾಟಲಿ ಮೂಸಿ ನೋಡಿ, ಕುದಿಸಲಿಲ್ಲ ಅಲ್ಲವೇ ಎಂದಳು. ಆಮೇಲೆ ಕೌದಿ ಬಿಡಿಸಿ ಹೊಲಿಗೆ ನೋಡಿ, ಎಷ್ಟು ಚೆನ್ನಾಗಿದೆ, ಹೊಸದು, ಯಾರು ಕೊಟ್ಟರು ಎಂದು ಕೇಳಿದಳು. ಹೊಸದಲ್ಲ, ಎಂಟು ವರ್ಷದ್ದು ಎಂದೆ.

ಈ ಪ್ರಯಾಣ ಮಾಡಿ ಈಗ ಒಂಬತ್ತು ವರ್ಷ. ನಾನು ನಿವೃತ್ತನಾಗಿದ್ದೇನೆ. ಎಸ್ತೇರಮ್ಮನೂ ಆಸ್ಪತ್ರೆಯಿಂದ ನಿವೃತ್ತಳಾಗಿ ತಂಗಿಯ ಊರಿಗೆ ಹೋದಳೆಂದು ಸುಗುಣಮ್ಮ ಒಮ್ಮೆ ಬರೆದಿದ್ದಳು. ಯಾವ ಊರೆಂದು ಬರೆದಿರಲಿಲ್ಲ. ಸರೋಜಳ ಸುದ್ದಿ ಅದರಲ್ಲಿ ಇರಲಿಲ್ಲ. ದೇವರು ಮತ್ತೆ ಹತ್ತಿರ ಬಂದನೇ ಎಂದು ಯಾರಾದರೂ ಕೇಳಿದರೆ, ಸೈಕಲ್ಲಿನ ದಿನಗಳ ಹಾಗೆ ಇಲ್ಲ ಎಂದೇ ಹೇಳಬೇಕು. ಯಾರಿಗೂ ಮಾತು ಕೊಟ್ಟಿಲ್ಲ. ಆರಕ್ಕೆ ಕೌದಿ ಹಾಸುತ್ತೇನೆ, ಒಂದು ಹೆಸರು ಹೇಳುತ್ತೇನೆ, ಮಡಚಿ ಇಡುತ್ತೇನೆ. ಮೊಣಕಾಲು ಊರುವ ಎರಡು ಕಡೆ ಅದರ ಬಣ್ಣ ಹೋಗಿದೆ. ಹೋದ ತಿಂಗಳು ಹೆಂಡತಿ ತೇಪೆ ಹಾಕಿಕೊಟ್ಟಳು. ಆ ಇನ್ನೊಂದು ಕೌದಿಯನ್ನು ಅದೇ ಹೊತ್ತಿಗೆ ಯಾರಾದರೂ ಎಲ್ಲಾದರೂ ಹಾಸುತ್ತಿದ್ದಾರೆಯೇ, ನನಗೆ ತಿಳಿಯದು.